ತಂತಿ ಕಳಚಿದ ಮೇಲಿನ ಅಳತೆ

ಲಿಂಗಸುಗೂರು
8 ಜೂನ್ 2025

ಪ್ರೀತಿಯ ಮಮತಾ,

ಈ ಪತ್ರ ನಿನ್ನ ಕೈಸೇರುವಾಗ ಅದರೊಡನೆ ಒಂದು ತಗಡಿನ ಪೆಟ್ಟಿಗೆಯೂ ಬಂದಿರಬೇಕು. ಇಲ್ಲಿಂದ ಮಸ್ಕಿಯವರೆಗೆ ನನ್ನ ಪರಿಚಯದ ಬಸ್ ಕಂಡಕ್ಟರು ಒಯ್ಯುತ್ತಾರೆ. ಮಸ್ಕಿ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಜುಲ್ಫಿಕರ್ ಅದನ್ನು ಸಿಂಧನೂರಿನ ಬಸ್ಸಿಗೆ ಏರಿಸುತ್ತಾನೆ. ಅವನಿಗೆ ಇನ್ನೂ ಹವ್ಯಾಸಿ ರೇಡಿಯೊದ ಪರವಾನಗಿ ಬಂದಿಲ್ಲವಾದ್ದರಿಂದ ನಮ್ಮಂತೆ ರೇಡಿಯೊದಲ್ಲಿ ಮಾತನಾಡುವಂತಿಲ್ಲ. ಆದರೆ ಅಂಗಡಿಯಲ್ಲಿ ಒಂದು ರಿಸೀವರ್ ಇಟ್ಟುಕೊಂಡು ನಮ್ಮೆಲ್ಲರ ಮಾತನ್ನೂ ಕೇಳುತ್ತಿರುತ್ತಾನೆ.

ಪೆಟ್ಟಿಗೆಯೊಳಗಿರುವುದು ಆಂಟೆನಾ ಅನಲೈಜರ್. ಈ ಬೇಸಿಗೆಯಲ್ಲಿ ನಿನ್ನಂಥವರಿಗಾಗಿಯೇ ತರಿಸಿದೆ. ನಾನು ಇನ್ನೂ ಅದರ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿಲ್ಲ. ಮೊದಲ ಅಳತೆ ನಿನ್ನದಾಗಲಿ. ಆಂಟೆನಾದಿಂದ ಇಳಿದು ಬರುವ ಕೇಬಲ್ಲಿನ ತುದಿಯನ್ನು ಅದಕ್ಕೆ ಸಿಕ್ಕಿಸಿದರೆ, ಯಂತ್ರವು ಅತಿ ಸಣ್ಣ ಸಂಕೇತವೊಂದನ್ನು ಮೇಲಕ್ಕೆ ಕಳುಹಿಸಿ ಎಷ್ಟು ಹಿಂದಿರುಗಿತೆಂದು ನೋಡುತ್ತದೆ. ಏನೂ ಹಿಂದಿರುಗದಿದ್ದರೆ ಪರದೆಯ ಮೇಲೆ ಒಂದು ಎಂದು ತೋರುತ್ತದೆ. ಹಿಂದಿರುಗುವುದು ಹೆಚ್ಚಿದಂತೆ ಅಂಕಿಯೂ ಏರುತ್ತದೆ. ನಾವು ಮಾತನಾಡುವ ಏಳು ಮೆಗಾಹರ್ಟ್ಸ್ ತರಂಗಪಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಅಳೆದರೆ, ಒಳ್ಳೆಯ ಆಂಟೆನಾದ ಗೆರೆ ಕಣಿವೆಯಂತೆ ನಡುವೆ ಇಳಿದು ಎರಡೂ ಬದಿಗೆ ಏರಬೇಕು.

ಕೇಬಲ್ಲನ್ನೂ ಕಳುಹಿಸಿದ್ದೇನೆ. ನಾನು ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ಶಾಲಿನ ಬದಲು ಒಂದು ದೊಡ್ಡ ಸುರುಳಿ ಕೇಬಲ್ ಕೊಟ್ಟರು. ಅರ್ಧವನ್ನು ಆಗಲೇ ನನ್ನ ಆಂಟೆನಾಕ್ಕೆ ಹಾಕಿಕೊಂಡೆ. ಉಳಿದರ್ಧವನ್ನು ಯಾರಿಗೂ ಕೊಡದೆ ಇಟ್ಟಿದ್ದೆ. ಅದು ಈಗ ನಿನ್ನದು.

ಆಗಸ್ಟಿನ ಅಣಕು ಕಾರ್ಯಾಚರಣೆಯ ವಿಷಯ ನಿನಗೆ ಗೊತ್ತೇ ಇದೆ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೃಷ್ಣೆಯ ನಡುಗಡ್ಡೆಗಳ ದಾರಿ ಮುಳುಗುತ್ತದೆ, ಕೆಲವೊಮ್ಮೆ ಫೋನೂ ನಿಲ್ಲುತ್ತದೆ. ಅಂಥ ದಿನ ಲಿಂಗಸುಗೂರಿನ ಸಂದೇಶ ಸಿಂಧನೂರಿಗೆ ಬರಿಯ ರೇಡಿಯೊದಿಂದ ಮುಟ್ಟುವುದೇ ಎಂದು ಅಧಿಕಾರಿಗಳು ನೋಡಲಿದ್ದಾರೆ. ಸಿಂಧನೂರಿನ ಕೇಂದ್ರಕ್ಕೆ ರಾಯಚೂರಿನ ಶಿವಪ್ರಸಾದರ ಹೆಸರು ಮೊದಲು ಬಂದಿತ್ತು. ಅನುಭವಿಗಳು, ಒಳ್ಳೆಯವರು. ಆದರೂ ನಾನು ನಿನ್ನ ಹೆಸರನ್ನು ಬರೆಸಿದ್ದೇನೆ. ಆ ದಿನ ನಿನ್ನ ದನಿ ಇಲ್ಲಿಗೆ ಮುಟ್ಟಿದರೆ ಆ ಕೇಂದ್ರ ನಿನ್ನದೇ ಆಗಿ ಉಳಿಯುತ್ತದೆ. ಮುಟ್ಟದಿದ್ದರೆ ಅವರಿಗೆ ಹೋಗುತ್ತದೆ. ನಿಮ್ಮ ಕಾಲೇಜಿನಲ್ಲಿ ನಾನು ನಡೆಸಿದ ತರಗತಿಗೆ ಬಂದವರಲ್ಲಿ ಪರೀಕ್ಷೆ ಮುಗಿಸಿ ಪರವಾನಗಿ ಪಡೆದವಳು ನೀನೊಬ್ಬಳೇ ಎಂಬುದನ್ನು ನಾನು ಮರೆತಿಲ್ಲ.

ಅಳೆದು, ಅಂಕಿಗಳನ್ನು ನನಗೆ ಬರೆ. ಫೋನಿನಲ್ಲಿ ಹೇಳಬೇಡ, ಬಾಯಲ್ಲಿ ಹೇಳಿದ ಅಂಕಿಗಳನ್ನು ನಾನು ನಂಬುವುದಿಲ್ಲ.

ನಿನ್ನ ಏಳಿಗೆ ಬಯಸುವ,
ಅಮೀನ್‌ಸಾಬ್


ಸಿಂಧನೂರು
14 ಜೂನ್ 2025

ಸರ್, ನಮಸ್ಕಾರ.

ಪೆಟ್ಟಿಗೆ ಮತ್ತು ಕೇಬಲ್ ಸುರಕ್ಷಿತವಾಗಿ ಬಂದವು. ನಿನ್ನೆ ಆಂಟೆನಾ ಏರಿಸಿದೆ. ಮಾಳಿಗೆಯ ನಡುವೆ ಬಿದಿರಿನ ಗಳ ನಿಲ್ಲಿಸಿ, ನೀವು ಕಲಿಸಿದಂತೆ ಎರಡು ಕೈಗೂ ಮೂವತ್ತಮೂರು ಅಡಿ ತಂತಿ ಅಳೆದು ಇಳಿಜಾರಾಗಿ ಕಟ್ಟಿದೆ. ಕೆಳಗಿನ ಮನೆಯಲ್ಲಿರುವ ಮಾಲೀಕ ರಹಿಮಾನ್ ಭಾಯ್ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

“ಏನವ್ವಾ, ಮನಿ ಮ್ಯಾಲ ಟವರ್ ಕುಂದ್ರಸಾಕತ್ತೀ ಏನು? ನಾಳಿ ಓಣಿ ಮಂದಿಗೆ ತಲಿನೋವು ಬಂದ್ರ ನನ್ನ ಹಿಡಿದು ಕೇಳ್ತಾರ” ಎಂದರು.

ಅವ್ವ ನನ್ನ ಪರವಾಗಿ ನಿಂತಳು. “ಟವರ್ ಅಲ್ರೀ ಭಾಯ್, ಬರೇ ತಂತಿ. ಲಿಂಗಸುಗೂರಿನ ಸಾಹೇಬ್ರ ಜೋಡಿ ಮಾತಾಡಾಕ. ಕೈಯಾಗ ಫೋನ್ ಇಟಗೊಂಡು ತಂತಿ ಕಟ್ಟ್ಯಾಳ ನೋಡ್ರಿ.”

“ಅದರಾಗ ಟೀವಿ ಬರತೈತೇನು?”

“ಟೀವಿನೂ ಬರಂಗಿಲ್ಲ, ಏನೂ ಬರಂಗಿಲ್ಲ” ಎಂದು ಹೇಳಿ ಅವ್ವ ನನ್ನತ್ತ ತಿರುಗಿ, “ಇದರ ಮ್ಯಾಲ ಸೀರಿ ಒಣಗ ಹಾಕಬೌದಾ?” ಎಂದಳು. ಹಾಕುವಂತಿಲ್ಲ ಎಂದೆ. ಇನ್ನೂ ಸಿಟ್ಟಿನಲ್ಲಿದ್ದಾಳೆ.

ಅಂಕಿಗಳು: ಪಟ್ಟಿಯ ಕೆಳತುದಿಯಲ್ಲಿ ಒಂದೂವರೆಗಿಂತ ಕಡಿಮೆ, 1.3. ನಡುವೆ 1.3. ಮೇಲುತುದಿಯಲ್ಲಿಯೂ 1.3. ತಂತಿಯನ್ನು ಕತ್ತರಿಸಿ ಸರಿಹೊಂದಿಸುವುದಕ್ಕೆ ಒಂದು ದಿನ ಬೇಕಾಗುತ್ತದೆ ಎಂದಿದ್ದಿರಿ. ಕತ್ತರಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ನನಗೇ ನಂಬಿಕೆ ಬರುತ್ತಿಲ್ಲ.

ನಾಳೆ, ಭಾನುವಾರ ಬೆಳಿಗ್ಗೆ ರೇಡಿಯೊದಲ್ಲಿ ಎಲ್ಲರೂ ಸೇರುವ ಮಾತಿಗೆ ಕರೆಯುತ್ತೇನೆ. ದಯವಿಟ್ಟು ಕೇಳಿಸಿಕೊಳ್ಳಿರಿ.

ನಿಮ್ಮ ವಿದ್ಯಾರ್ಥಿನಿ,
ಮಮತಾ


ಲಿಂಗಸುಗೂರು
17 ಜೂನ್ 2025

ಪ್ರೀತಿಯ ಮಮತಾ,

ಭಾನುವಾರ ನಿನ್ನ ದನಿ ಬಂದಾಗ ನನ್ನ ಹೆಂಡತಿ ಹಸೀನಾಬೀಯನ್ನು ಅಡುಗೆಮನೆಯಿಂದ ಕರೆದು ಕೇಳಿಸಿದೆ. ನಾನು ನಿನಗೆ ಕೊಟ್ಟ ಐದು-ಒಂಬತ್ತರ ವರದಿಯನ್ನು ಈ ಪತ್ರದೊಡನೆ ಕಾರ್ಡಿನಲ್ಲಿ ಬರೆದು ಇಟ್ಟಿದ್ದೇನೆ. ತರಗತಿಯಲ್ಲಿ ಹೇಳಿದ್ದೆ, ನೆನಪಿದೆಯೇ? ಮೊದಲ ಅಂಕಿ ಮಾತು ಎಷ್ಟು ತಿಳಿಯಿತೆಂಬುದಕ್ಕೆ, ಅದಕ್ಕೆ ಐದು ಮಿತಿ. ಎರಡನೆಯದು ದನಿಯ ಬಲಕ್ಕೆ, ಅದಕ್ಕೆ ಒಂಬತ್ತು. ಇದಕ್ಕಿಂತ ಮೇಲಿನ ವರದಿಯಿಲ್ಲ. ಮೊದಲ ಸಂಪರ್ಕದ ಕಾರ್ಡನ್ನು ಗೋಡೆಗೆ ಹಾಕುವುದು ನಮ್ಮಲ್ಲಿ ವಾಡಿಕೆ. ನೀನೂ ಹಾಕು.

ನಿನ್ನ ಅಂಕಿಗಳನ್ನು ಎರಡು ಸಲ ಓದಿದೆ. ಕಣಿವೆಯೇ ಇಲ್ಲದೆ ಎಲ್ಲ ಕಡೆಗೂ ಸಮವಾಗಿ ಒಳ್ಳೆಯ ಅಳತೆ ಬರುವುದು ಅಪರೂಪದ ಅದೃಷ್ಟ. ನನ್ನ ರೇಡಿಯೊದಲ್ಲಿ ಇದೇ ಅಳತೆ ತೋರಿಸುವ ಮುಳ್ಳೂ ಹಾಗೆಯೇ, ಎಷ್ಟೋ ವರ್ಷಗಳಿಂದ ಅಲುಗಾಡಿಲ್ಲ. ಗುರುವಿನ ಅದೃಷ್ಟ ಶಿಷ್ಯೆಗೂ ಬಂದಿತೆಂದುಕೊಂಡೆ.

ಕ್ರಮಕ್ಕಾಗಿ ಒಂದು ಪರೀಕ್ಷೆ ಉಳಿದಿದೆ. ಮೇಲೆ ಗಳದ ತುದಿಯಲ್ಲಿ ಆಂಟೆನಾದ ತಂತಿಯನ್ನು ಕೇಬಲ್ಲಿನಿಂದ ಕಳಚಿಬಿಡು. ಕೆಳಗಿನ ತುದಿಯಲ್ಲಿ ಮತ್ತೆ ಅಳೆ. ಆಚೆ ಏನೂ ಇಲ್ಲದಿರುವುದರಿಂದ ಕಳುಹಿಸಿದ್ದೆಲ್ಲ ಹಿಂದಿರುಗಬೇಕು, ಅಂಕಿ ಬಹಳ ಮೇಲೇರಬೇಕು. ಹಾಗಾದರೆ ಕೇಬಲ್ ಸರಿಯಿದೆ ಎಂದರ್ಥ. ಆ ಒಂದು ಅಂಕಿಯನ್ನು ಬರೆದು, ಪೆಟ್ಟಿಗೆಯನ್ನು ಹಿಂದಕ್ಕೆ ಕಳುಹಿಸು.

ಶುಭ ಹಾರೈಸುತ್ತ,
ಅಮೀನ್‌ಸಾಬ್


ಸಿಂಧನೂರು
30 ಜೂನ್ 2025

ಸರ್, ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸಿರಿ. ಕಾಲೇಜಿನಲ್ಲಿ ಕಿರುಪರೀಕ್ಷೆಗಳಿದ್ದವು. ಕಾರ್ಡು ಬಂದಿತು. ಗೋಡೆಗೆ ಹಾಕುವ ಮೊದಲು ಅವ್ವನಿಗೆ ತೋರಿಸಿದೆ. “ಐವತ್ತೊಂಬತ್ತಾ? ನೂರಕ್ಕೇನು?” ಎಂದಳು. ವಿವರಿಸುವಷ್ಟರಲ್ಲಿ ಹಾಲು ಉಕ್ಕಿತು.

ಎರಡು ಭಾನುವಾರ ನಾನು ಕರೆಯಲಿಲ್ಲವೆಂದು ನೀವು ಅಂದುಕೊಂಡಿರಬಹುದು. ನಾನು ಕರೆದಿದ್ದೆ.

ಸರ್, ಒಂದು ವಿಷಯ ಕೇಳಬೇಕಾಗಿತ್ತು. ನನಗೆ ಕೊಟ್ಟ ಕೇಬಲ್ಲನ್ನು ನೀವು ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ? ಸುಮ್ಮನೆ ಕೇಳಿದೆ.

ಪೆಟ್ಟಿಗೆ ಇನ್ನೂ ಕೆಲವು ದಿನ ನನ್ನ ಬಳಿ ಇರಲಿ. ಅದಕ್ಕೇ ಈ ಪತ್ರವನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಮಮತಾ


ಲಿಂಗಸುಗೂರು
8 ಜುಲೈ 2025

ಪ್ರೀತಿಯ ಮಮತಾ,

ಮೊಹರಮ್ಮಿನ ಓಡಾಟದಲ್ಲಿ ನಿನ್ನ ಪತ್ರಕ್ಕೆ ಕೂಡಲೇ ಉತ್ತರಿಸಲಾಗಲಿಲ್ಲ. ಓದಿದ ದಿನದಿಂದಲೂ ಅದೇ ಯೋಚನೆ. ಪೆಟ್ಟಿಗೆ ಬರಲಿಲ್ಲ, ನಾನು ಕೇಳಿದ ಅಂಕಿಯೂ ಬರಲಿಲ್ಲ. ಹೀಗಾಗಿ ನೇರವಾಗಿಯೇ ಬರೆಯುತ್ತೇನೆ. ಯಂತ್ರ ಕೈಜಾರಿ ಬಿದ್ದು ಒಡೆದಿದ್ದರೆ ಹೇಳಿಬಿಡು. ನಾನು ಬೈಯುವುದಿಲ್ಲ. ಇಲಾಖೆಯಲ್ಲಿದ್ದಾಗ ಇದಕ್ಕಿಂತ ದೊಡ್ಡವನ್ನು ಒಡೆದವರನ್ನು ನೋಡಿದ್ದೇನೆ. ಅವರಲ್ಲಿ ಕೆಲವರು ಮುಂದೆ ನನಗೇ ಅಧಿಕಾರಿಗಳಾದರು.

ಒಡೆದಿಲ್ಲ, ಬರಿಯ ಉತ್ಸಾಹ ಕುಗ್ಗಿದೆ ಎಂದಾದರೂ ಹೇಳು. ಶಿವಪ್ರಸಾದರು ನಿನ್ನೆ ಫೋನ್ ಮಾಡಿ, “ಆ ಹುಡುಗಿ ತಯಾರಾಗ್ಯಾಳೇನ್ರಿ? ಇಲ್ಲಂದ್ರ ನಮ್ಮ ಸೆಟ್ಟು ತರ್ತೀವಿ, ನಿಮಗೂ ಚಿಂತಿ ಇರಂಗಿಲ್ಲ” ಎಂದರು. ತಯಾರಾಗಿದ್ದಾಳೆ ಎಂದೇ ಹೇಳಿದೆ. ನನ್ನ ಮಾತನ್ನು ಉಳಿಸಬೇಕೆಂದಲ್ಲ. ಒಮ್ಮೆ ಆ ಕುರ್ಚಿಯಲ್ಲಿ ನೀನು ಕುಳಿತರೆ ಮುಂದಿನ ವರ್ಷ ನಿಮ್ಮ ತುರ್ವಿಹಾಳದ, ಜವಳಗೇರಾದ ಹುಡುಗಿಯರು ತಾವೂ ಕೂರಬಹುದೆಂದು ತಿಳಿಯುತ್ತಾರೆ. ಅದಕ್ಕಾಗಿ.

ಕೇಬಲ್ ಎಲ್ಲಿತ್ತೆಂದು ಕೇಳಿದ್ದೀ. ಬಚ್ಚಲುಮನೆಯ ಮೇಲಿನ ತಗಡಿನ ಕೆಳಗೆ, ಗೋಣಿಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದೆ. ಹಸೀನಾಬೀ ಎಷ್ಟೋ ಸಲ ಗುಜರಿಗೆ ಹಾಕಲು ಹೊರಟಿದ್ದಳು, ನಾನು ಬಿಡಲಿಲ್ಲ. ಅದನ್ನು ಕೊಟ್ಟವರಲ್ಲಿ ಇಬ್ಬರು ಈಗ ಇಲ್ಲ.

ಉತ್ತರವನ್ನು ಎದುರು ನೋಡುತ್ತಿರುವ,
ಅಮೀನ್‌ಸಾಬ್


ಮಸ್ಕಿ
13 ಜುಲೈ 2025

ಸರ್, ನಮಸ್ಕಾರ.

ಈ ಪತ್ರವನ್ನು ಜುಲ್ಫಿಕರನ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪೆಟ್ಟಿಗೆ ಇದರ ಜೊತೆಗೇ ಬರುತ್ತದೆ. ಯಂತ್ರ ಒಡೆದಿಲ್ಲ. ಉತ್ಸಾಹವೂ ಕುಗ್ಗಿಲ್ಲ.

ನೀವು ಕೇಳಿದ ಅಂಕಿ ನನ್ನ ಬಳಿ ಜೂನ್ ತಿಂಗಳಿನಿಂದಲೇ ಇದೆ. ಆಂಟೆನಾ ಕಳಚಿ ಅಳೆದಾಗ 1.4 ಬಂದಿತು. ಗಳದ ತುದಿಯಲ್ಲಿ ಏನೂ ಇರಲಿಲ್ಲ, ಎರಡೂ ತಂತಿಗಳು ಮಾಳಿಗೆಯ ಮೇಲೆ ಬಿದ್ದಿದ್ದವು, ಆದರೂ ಯಂತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು. ನನ್ನ ಕೈತಪ್ಪೆಂದು ಎಷ್ಟೋ ಸಲ ಅಳೆದೆ. ಆಮೇಲೆ ಕೇಬಲ್ಲಿನ ತುದಿಯ ಹೊದಿಕೆಯನ್ನು ಸುಲಿದು ನೋಡಿದೆ. ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿದೆ, ಬೆರಳಿಗೆ ಹಸಿರು ಪುಡಿ ಹತ್ತುತ್ತದೆ. ಒಂದು ಗೇಣು ಕತ್ತರಿಸಿ ನೋಡಿದರೂ ಅಷ್ಟೇ. ಒಳಗೆ ನೀರು ಸೇರಿದೆ, ಸರ್. ನಾನು ಕಳುಹಿಸಿದ್ದನ್ನು ಕೇಬಲ್ಲೇ ತಿನ್ನುತ್ತಿತ್ತು. ಹಿಂದಿರುಗುವುದನ್ನೂ ಅದೇ ತಿನ್ನುತ್ತಿತ್ತು. ಹಿಂದಕ್ಕೆ ಏನೂ ಬರದಿದ್ದುದನ್ನು ನೋಡಿ ಯಂತ್ರ ಆಂಟೆನಾ ಚೆನ್ನಾಗಿದೆ ಎಂದುಕೊಂಡಿತು, ನಾವೂ ಹಾಗೆಯೇ ಅಂದುಕೊಂಡೆವು.

ಇದನ್ನು ಮೊದಲೇ ಬರೆಯಬೇಕಾಗಿತ್ತು. ನಿಮ್ಮ ಸಹೋದ್ಯೋಗಿಗಳು ಕೊಟ್ಟ ಕೇಬಲ್ಲನ್ನು ಕೆಟ್ಟಿದೆ ಎನ್ನಲು ಮನಸ್ಸಾಗಲಿಲ್ಲ. ಹೇಗಾದರೂ ಹೊಸದನ್ನು ತಂದು ಹಾಕಿ ಸುಮ್ಮನಿದ್ದುಬಿಡೋಣ ಎಂದುಕೊಂಡು ಕೇಬಲ್ ಸಿಗುತ್ತದೆಯೇ ಎಂದು ಕೇಳಲು ಇಲ್ಲಿಗೆ ಬಂದೆ. ಜುಲ್ಫಿಕರ್ ನಗಲು ಶುರು ಮಾಡಿದ.

“ಖರೇ ಹೇಳ್ಲಾ? ಸರ್ ನಿನಗ ಫೈವ್ ನೈನ್ ಕೊಟ್ರಲ್ಲ, ಆವತ್ತು ನನ್ನ ಸೆಟ್ಟಿನ್ಯಾಗ ನಿನ್ನ ಹೆಸರೂ ಪೂರಾ ಕೇಳ್ಲಿಲ್ಲ. ಭಜಿ ಕರಿಯೋ ಸಪ್ಪಳದಾಗ ಯಾರೋ ಕೆಮ್ಮಿದಂಗ ಆತು.”

“ನಿನ್ನ ಸೆಟ್ಟ ಹಳೀದು.”

“ನನ್ನ ಸೆಟ್ಟ ಹಳೀದು ಖರೆ. ಆದ್ರ ಸರ್ ಎರಡ್ಸಲ ನಿನ್ನ ಊರು ಕೇಳಿದ್ರಲ್ಲ, ಅದ್ಯಾಕ? ಅವರಿಗೆ ಸಿಂಧನೂರು ಗೊತ್ತಿಲ್ಲೇನು?”

ನೀವು ನಿಜವಾಗಿ ಎರಡು ಸಲ ಕೇಳಿದ್ದಿರಿ. ನಾನು ಅದನ್ನು ಮಾತಿನ ಪದ್ಧತಿ ಎಂದುಕೊಂಡಿದ್ದೆ. ಆ ವರದಿಯನ್ನು ನಂಬಿ ಒಂದು ವಾರ ನಾನು ಕೇಬಲ್ಲನ್ನು ಅನುಮಾನಿಸಲೇ ಇಲ್ಲ. ಸಿಟ್ಟು ಬಂದಿತು, ಸರ್. ನಡುಗಡ್ಡೆಯವರ ಸಂದೇಶದ ದಿನವೂ ಹೀಗೆಯೇ ಆಗಿದ್ದರೆ?

ಆದರೆ ನಾನೂ ಮಾಡಿದ್ದು ಅದನ್ನೇ. ಅಂದು ನಾನು ನಿಮಗೆ ಐದು-ಒಂಬತ್ತು ಎಂದೆ. ನಿಮ್ಮ ಮಾತಿನಲ್ಲಿ ಮೂರರಲ್ಲೊಂದು ಪಾಲು ನನಗೆ ಕೇಳಿರಲೇ ಇಲ್ಲ. ಗುರುಗಳಿಗೆ ಕಡಿಮೆ ಹೇಗೆ ಹೇಳುವುದು ಎಂದುಕೊಂಡೆ.

ಇಂದು ಬೆಳಗಿನ ಮಾತಿನಲ್ಲಿ ನಾನು ಕರೆಯಲಿಲ್ಲ. ಇಲ್ಲಿಯೇ ಕುಳಿತು ಕೇಳಿದೆ. ಶಿವಪ್ರಸಾದ್ ಸರ್ ಜೋರಾಗಿ ಬಂದರು. ನಿಮ್ಮದು ಬಹಳ ಸಣ್ಣಗೆ ಬಂದಿತು. ಅವರು ನಿಮಗೆ “ಫೈವ್ ನೈನ್, ಅಮೀನ್‌ಸಾಬ್ರೇ, ಭಾಳ ಚಲೋ ಅದ” ಎಂದರು. ಅದರ ಹಿಂದೆಯೇ “ಏನಂದ್ರಿ? ಇನ್ನೊಮ್ಮೆ ಹೇಳ್ರಿ” ಎಂದರು. ಜುಲ್ಫಿಕರ್ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ನನಗೆ ನಗು ಬರಲಿಲ್ಲ.

ಸರ್, ಸುರುಳಿಯ ಇನ್ನರ್ಧ ನಿಮ್ಮ ಆಂಟೆನಾದಲ್ಲಿದೆ. ನಿಮ್ಮ ಮುಳ್ಳೂ ಅಲುಗಾಡುವುದಿಲ್ಲ ಎಂದು ಬರೆದಿದ್ದಿರಿ. ಮೇಲೆ ತಂತಿಯನ್ನು ಕಳಚಿಸಿ ಒಮ್ಮೆ ಅಳೆಯಿರಿ. ನೀವೇ ಗಳ ಹತ್ತಬೇಡಿರಿ.

ಇಲ್ಲಿ ನಿಮ್ಮ ದನಿ ಇಂದು ಮೂರು-ಎರಡು.

ಮಮತಾ


ಲಿಂಗಸುಗೂರು
16 ಜುಲೈ 2025

ಮಮತಾ,

ಪಕ್ಕದ ಮನೆಯ ಸೊಹೇಲ್ ಏಣಿ ಹತ್ತಿ ತಂತಿ ಕಳಚಿದ. ನಾನು ಕೆಳಗೆ ಅಳೆದೆ. 1.5.

ಹಸೀನಾಬೀ ಬಾಗಿಲಲ್ಲಿ ನಿಂತಿದ್ದಳು. ವಿಷಯವೇನೆಂದು ಕೇಳಿದಳು, ಹೇಳಿದೆ. “ಮತ್ತ ಇಷ್ಟು ವರ್ಷ ಯಾರ ಜೋಡಿ ಮಾತಾಡಿದ್ರಿ? ಗ್ವಾಡಿ ಜೋಡೀನಾ?” ಎಂದಳು. ಸೊಹೇಲ್ ಏಣಿಯ ಮೇಲೆಯೇ ನಕ್ಕುಬಿಟ್ಟ. ನಾನೂ ಸ್ವಲ್ಪ ತಡವಾಗಿ ನಕ್ಕೆ.

ಅನಂತರ ಕುಳಿತು ಹಳೆಯ ಕಾರ್ಡುಗಳನ್ನು ತೆಗೆದು ನೋಡಿದೆ. ಎಲ್ಲವೂ ಐದು-ಒಂಬತ್ತು. ಹಿರಿಯನೆಂದು ಯಾರೂ ಕಡಿಮೆ ಬರೆದಿಲ್ಲ. ನಿನಗೆ ನಾನು ಕೊಟ್ಟದ್ದೂ ಅಂಥದ್ದೇ. ಮೊದಲ ದಿನ ಮಗುವಿಗೆ ಕಡಿಮೆ ಅಂಕ ಹೇಳಬಾರದೆಂಬುದು ನನ್ನ ಎಣಿಕೆಯಾಗಿತ್ತು. ನಿನ್ನ ದನಿ ಅಂದು ಇಲ್ಲಿ ಮೂರು-ಮೂರು. ಬೇರೆ ಕಾರ್ಡು ಬರೆದು ಇಟ್ಟಿದ್ದೇನೆ. ಹಳೆಯದನ್ನು ಗೋಡೆಯಿಂದ ತೆಗೆ.

ಇನ್ನು ಕೆಲಸದ ಮಾತು. ಅಣಕು ಕಾರ್ಯಾಚರಣೆಯ ದಿನಾಂಕ ಆಗಸ್ಟ್ ಏಳಕ್ಕೆ ನಿಂತಿದೆ. ನಿನಗೂ ನನಗೂ ಹೊಸ ಕೇಬಲ್ಲನ್ನು ರಾಯಚೂರಿನಿಂದ ಜುಲ್ಫಿಕರ್ ತರಿಸುತ್ತಿದ್ದಾನೆ. ಮೇಲಿನ ಜೋಡಣೆಗೆ ನೀರು ಇಳಿಯದಂತೆ ರಬ್ಬರ್ ಪಟ್ಟಿ ಸುತ್ತಿ, ಕೇಬಲ್ಲನ್ನು ಅಲ್ಲಿ ಒಂದು ಸುತ್ತು ಕೆಳಗೆ ಬಾಗಿಸಿ ಕಟ್ಟು. ನಾನು ಎಲ್ಲರಿಗೂ ಹೇಳುವ ಪಾಠವಿದು. ನನ್ನ ಮನೆಯಲ್ಲಿ ಮಾತ್ರ ಕಟ್ಟಿರಲಿಲ್ಲ. ಅಳೆಯುವುದಕ್ಕೆ ಪೆಟ್ಟಿಗೆ ಈ ಪತ್ರದೊಡನೆ ಮತ್ತೆ ನಿನ್ನಲ್ಲಿಗೆ ಬರುತ್ತಿದೆ.

ಶಿವಪ್ರಸಾದರಿಗೆ ಸಿಂಧನೂರು ಕೇಂದ್ರಕ್ಕೆ ಬರುವುದು ಬೇಡವೆಂದು ಹೇಳಿದ್ದೇನೆ. ಲಿಂಗಸುಗೂರಿಗೆ ಒಂದು ಹೆಚ್ಚುವರಿ ಸೆಟ್ಟು ತನ್ನಿರಿ, ಕೆಡುವುದಾದರೆ ನನ್ನದೇ ಕೆಡಬಹುದು ಎಂದೆ.

ಅಮೀನ್‌ಸಾಬ್


ಸಿಂಧನೂರು
27 ಜುಲೈ 2025

ಸರ್, ನಮಸ್ಕಾರ.

ಹೊಸ ಕೇಬಲ್ ಹಾಕಿದೆ. ಮೊದಲು ತಂತಿ ಇಲ್ಲದೆ ಅಳೆದೆ: ಗೆರೆ ಪರದೆಯ ಮೇಲಂಚಿಗೆ ಹೋಗಿ ನಿಂತಿತು. ಆಮೇಲೆ ತಂತಿ ಜೋಡಿಸಿದೆ. ನೀವು ಮೊದಲ ಪತ್ರದಲ್ಲಿ ಬರೆದ ಕಣಿವೆ ಈಗ ಕಂಡಿತು, ಆದರೆ ತಪ್ಪು ಜಾಗದಲ್ಲಿ, ನಮ್ಮ ಪಟ್ಟಿಗಿಂತ ಕೆಳಗೆ. ತಂತಿ ಉದ್ದವಾಗಿತ್ತು. ಎರಡೂ ಕಡೆ ಸಮನಾಗಿ ಕತ್ತರಿಸುತ್ತ, ಏರಿಸುತ್ತ, ಇಳಿಸುತ್ತ ಇಡೀ ದಿನ ಹೋಯಿತು. ಈಗ ಕೆಳತುದಿ 1.7, ನಡುವೆ 1.2, ಮೇಲುತುದಿ 1.8. ಮೊದಲಿನ ಅಂಕಿಗಳಷ್ಟು ಚೆಂದವಾಗಿಲ್ಲ.

ರಹಿಮಾನ್ ಭಾಯ್, “ಕೆಟ್ಟೈತೇನವ್ವಾ? ದಿನಾ ಇಳಸ್ತೀ, ಏರಸ್ತೀ” ಎಂದರು. ರಿಪೇರಿ ಆಯಿತು ಎಂದೆ. ಹಳೆಯ ಕೇಬಲ್ಲನ್ನು ಅವ್ವ ಕೇಳಿದಳು, ಕೊಟ್ಟೆ. ಮಾಳಿಗೆಯ ಇನ್ನೊಂದು ಬದಿಗೆ ಕಟ್ಟಿ ಸೀರೆ ಒಣಹಾಕಿದ್ದಾಳೆ. ನಿಮಗೆ ಬೇಸರವಾದರೆ ತೆಗೆಸುತ್ತೇನೆ.

ಪೆಟ್ಟಿಗೆ ಇಂದಿನ ಬಸ್ಸಿಗೆ ಕಳುಹಿಸುತ್ತಿದ್ದೇನೆ. ನಿಮ್ಮದನ್ನು ಅಳೆದು ಮುಗಿಸಿ ಮತ್ತೆ ಇಲ್ಲಿಗೇ ಕಳುಹಿಸಿರಿ. ಆ ದಿನ ನನ್ನ ಬಳಿ ಇರಲಿ.

ಮಮತಾ


ಸಿಂಧನೂರು
8 ಆಗಸ್ಟ್ 2025

ಸರ್, ನಮಸ್ಕಾರ.

ನಿನ್ನೆಯದನ್ನು ನೀವೂ ಆ ತುದಿಯಲ್ಲಿ ಕೇಳಿದ್ದೀರಿ. ಈ ತುದಿಯಲ್ಲಿ ಆದದ್ದನ್ನು ಬರೆಯುತ್ತೇನೆ.

ಇಬ್ಬರು ಅಧಿಕಾರಿಗಳು ನಮ್ಮ ಮಾಳಿಗೆಯ ಕೋಣೆಗೆ ಬಂದು ಎಲ್ಲರ ಫೋನುಗಳನ್ನೂ ಬಂದ್ ಮಾಡಿಸಿದರು. ನಿಮ್ಮ ಕರೆ ಹೊತ್ತಿಗೆ ಸರಿಯಾಗಿ ಬಂದಿತು. ನಡುಗಡ್ಡೆಯಲ್ಲಿ ಸಿಕ್ಕಿಬಿದ್ದವರ ಸಂಖ್ಯೆ, ದೋಣಿ ಬೇಕಾದ ಜಾಗ, ಬಾಣಂತಿಯ ವಿಷಯ, ಎಲ್ಲವನ್ನೂ ಬರೆದುಕೊಂಡೆ. ಬೇಕಾದ ಔಷಧದ ಹೆಸರು ಬಂದಾಗ ದನಿ ಒಂದು ಕ್ಷಣ ಮುಳುಗಿತು. ಅಧಿಕಾರಿಗಳಲ್ಲಿ ಹಿರಿಯ ಸಾಹೇಬರು ನನ್ನ ಬೆನ್ನ ಹಿಂದೆ ನಿಂತಿದ್ದರು. “ಪೂರ್ತಿ ಸ್ವೀಕರಿಸಿದೆ” ಎಂದುಬಿಡಲು ನಾಲಗೆಯ ತುದಿಯವರೆಗೆ ಬಂದಿತ್ತು. ಆ ಪದವನ್ನು ಮತ್ತೆ ಹೇಳಿರಿ ಎಂದು ಕೇಳಿದೆ. ನೀವು ಅಕ್ಷರ ಅಕ್ಷರವಾಗಿ ಇನ್ಸುಲಿನ್ ಎಂದಿರಿ. ನಾನು ಸಂದೇಶವನ್ನು ಪೂರ್ತಿ ತಿರುಗಿ ಓದಿದೆ, ನೀವು ಸರಿ ಎಂದಿರಿ. ನನಗೆ ಐದು-ಆರು ಕೊಟ್ಟಿರಿ.

ಸಾಹೇಬರು, “ಐದು-ಆರು ಅಂದ್ರ ಪಾಸೋ ಫೇಲೋ?” ಎಂದರು.

“ಅವರಿಗೆ ಅಷ್ಟು ಕೇಳಾಕತ್ತೈತ್ರಿ” ಎಂದೆ.

“ಮಾತು ಪೂರಾ ಮುಟ್ಟ್ಯಾದಿಲ್ಲ?”

“ಮುಟ್ಟೇತ್ರಿ.”

ಅವರು ಎರಡೂ ಕಡೆಯ ಸಂದೇಶಗಳನ್ನು ಹೋಲಿಸಿ ನೋಡಿ, ಸಿಂಧನೂರು ಕೇಂದ್ರ ಎಂಬಲ್ಲಿ ನನ್ನ ಹೆಸರನ್ನು ಬರೆದುಕೊಂಡು ಹೋದರು. ಅವರು ಮೆಟ್ಟಿಲಿಳಿದ ಮೇಲೆ ಅವ್ವ ಚಹಾ ಲೋಟಗಳನ್ನು ತೆಗೆಯುತ್ತ, “ಮೊದಲ ಒಂಬತ್ತು ಕೊಟ್ಟಿದ್ರು, ಈಗ ಆರಕ್ಕ ಇಳಿಸ್ಯಾರಲ್ಲ. ಏನ್ ತಪ್ಪು ಮಾಡಿದಿ?” ಎಂದಳು.

“ಇದು ಖರೇದು ಬೇ” ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಜೂನ್ ತಿಂಗಳ ಸಂಪರ್ಕಕ್ಕೆ ನೀವು ಮತ್ತೆ ಬರೆದು ಕಳುಹಿಸಿದ ಮೂರು-ಮೂರರ ಕಾರ್ಡನ್ನು ಗೋಡೆಗೆ ಹಾಕಿದ್ದೇನೆ. ನಿನ್ನೆಯದು ಬಂದರೆ ಅದರ ಪಕ್ಕಕ್ಕೆ ಹಾಕುತ್ತೇನೆ.

ನನ್ನ ಕಾರ್ಡು ಈ ಪತ್ರದಲ್ಲಿದೆ. ನಿಮಗೆ ಐದು-ನಾಲ್ಕು ಬರೆದಿದ್ದೇನೆ. ಹೊಸ ಕೇಬಲ್ಲಿಗೆ ಇದು ಕಡಿಮೆಯಾಯಿತು ಎನಿಸುತ್ತದೆ. ಸೊಹೇಲ್ ಕಳಚಿ ಮತ್ತೆ ಕಟ್ಟುವಾಗ ಒಂದು ತಂತಿ ಗೋಡೆಯ ಹತ್ತಿರಕ್ಕೆ ಜೋತುಬಿದ್ದಿರಬಹುದು. ಪೆಟ್ಟಿಗೆ ನಾಳೆ ಮೊದಲ ಬಸ್ಸಿಗೆ ಮಸ್ಕಿಗೆ ಹೊರಡುತ್ತದೆ. ಎರಡೂ ತಂತಿಗಳನ್ನು ಬಿಗಿದು ಅಳೆಯಿರಿ, ಸರ್. ಅಂಕಿಗಳನ್ನು ನನಗೆ ಬರೆಯಿರಿ. ಫೋನಿನಲ್ಲಿ ಬೇಡ.

ನಿಮ್ಮ,
ಮಮತಾ